ಕ್ಲೀಟ್ ಸ್ಕ್ರೂವಿನ ತಲೆ ತಿಂದುಹೋಗಿದೆ, ಶೂ ಹಾಳಾಗದಂತೆ ಬಿಚ್ಚುವುದು ಹೇಗೆ?

ಓದುಗರ ಪ್ರಶ್ನೆ: ಸೈಕ್ಲಿಂಗ್ ಶೂಗೆ ಹೊಸ ಕ್ಲೀಟ್ (ಪೆಡಲ್‌ಗೆ ಕಚ್ಚಿಕೊಳ್ಳಲು ಶೂವಿನ ಅಡಿಗೆ ಹಾಕುವ ತುಂಡು) ಹಾಕಲು ಹೊರಟೆ. ಎರಡು ಸ್ಕ್ರೂಗಳಲ್ಲಿ ಒಂದು ಬಂತು. ಇನ್ನೊಂದಕ್ಕೆ ಅಲೆನ್ ಕೀ ಹಾಕಿದರೆ ಸುಮ್ಮನೆ ಜಾರುತ್ತದೆ, ಗುಂಡಿ ಉರುಟಾಗಿಬಿಟ್ಟಿದೆ. ಮಳೆಗಾಲ ಪೂರ್ತಿ ಇದೇ ಶೂ ಹಾಕಿ ಸೈಕಲ್ ಹೊಡೆದಿದ್ದೇನೆ. ಶೂ ಎಸೆಯಬೇಕಾ?
– ಪೊನ್ನಂಪೇಟೆಯ ಓದುಗರೊಬ್ಬರು

ಉತ್ತರ: ಎಸೆಯಬೇಡಿ. ಅದೇ ಕೀ ಹಾಕಿ ಮತ್ತೊಮ್ಮೆ ತಿರುಗಿಸಲೂ ಬೇಡಿ. ಒಂದೊಂದು ಸಲ ಜಾರಿದಾಗಲೂ ಗುಂಡಿಯ ಮೂಲೆಗಳು ಇನ್ನಷ್ಟು ಸವೆಯುತ್ತವೆ, ಸುಲಭದ ದಾರಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ.

ಕೈ ಹಾಕುವ ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. ಸ್ಕ್ರೂ ಹೊಸದು ಸಿಗುತ್ತದೆ. ಕ್ಲೀಟನ್ನು ಹೇಗೂ ಬದಲಿಸುತ್ತಿದ್ದೀರಿ. ಶೂ ಒಳಗೆ ಸ್ಕ್ರೂ ಕಚ್ಚಿಕೊಳ್ಳುವ ಲೋಹದ ತಟ್ಟೆಯೂ ಬಹಳಷ್ಟು ಶೂಗಳಲ್ಲಿ ಬಿಡಿಯಾಗಿ ಬರುತ್ತದೆ, ಅಗ್ಗವೇ. ಬದಲಿಸಲಾಗದ್ದು ಶೂವಿನ ಅಡಿ ಒಂದೇ. ಹಾಗಾಗಿ ಮೊದಲ ಮೂರಕ್ಕೆ ಏನಾದರೂ ಆಗಲಿ, ಅಡಿಗೆ ಬಿಸಿ ತಾಗಬಾರದು, ಎಣ್ಣೆ ಹರಡಬಾರದು, ಡ್ರಿಲ್ ಬಿಟ್ ಇಳಿಯಬಾರದು.

ನಿಮ್ಮದು ಎರಡು ಸ್ಕ್ರೂವಿನ ಕ್ಲೀಟ್, ಅಂದರೆ ಎಸ್‌ಪಿಡಿ ಮಾದರಿ. ಇಂಥ ಶೂವಿನ ಅಡಿಯಲ್ಲಿ ಎರಡು ಉದ್ದನೆಯ ಸೀಳುಗಳಿರುತ್ತವೆ. ಒಳಗಡೆ ಇನ್‌ಸೋಲ್ ಕೆಳಗೆ, ಸಾಮಾನ್ಯವಾಗಿ ಒಂದು ಸ್ಟಿಕ್ಕರಿನ ಅಡಿಯಲ್ಲಿ, ನಾಲ್ಕು ಥ್ರೆಡ್ ತೂತುಗಳ ತಟ್ಟೆ ಹಿಂದೆ ಮುಂದೆ ಜಾರುವಂತೆ ಕೂತಿರುತ್ತದೆ. ಸ್ಕ್ರೂ ಎಂ5, ಅಂದರೆ 5 ಮಿ.ಮೀ. ದಪ್ಪದ್ದು, ಅದಕ್ಕೆ ಬೇಕಾದ ಕೀ 4 ಮಿ.ಮೀ. ಕ್ಲೀಟನ್ನು ತೂರಿ, ಸೀಳನ್ನು ದಾಟಿ, ಅದು ಈ ತಟ್ಟೆಯನ್ನು ಕಚ್ಚುತ್ತದೆ. ತುಕ್ಕು ಹಿಡಿಯುವುದು ಅಲ್ಲಿ, ಒಳಗೆ. ನಮ್ಮ ಕಣ್ಣಿಗೆ ಕಾಣುವ ತಲೆ ಬರೀ ಬಲಿಪಶು.

ನಮ್ಮ ಕಡೆ ಇದು ಯಾಕೆ ಇಷ್ಟು ಸಾಮಾನ್ಯ ಎಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೂ ಪೂರ್ತಿ ಒಣಗುವುದೇ ಇಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ಭಾಗಮಂಡಲದ ಕಡೆ ಒಂದು ಸುತ್ತು ಹೋಗಿ ಬಂದರೆ ಸೀಳುಗಳ ಮೂಲಕ ನೀರು ಒಳಗೆ ಇಳಿದು ತಟ್ಟೆಯ ಮೇಲೆ ನಿಂತಿರುತ್ತದೆ. ಮಾಂದಲಪಟ್ಟಿಯ ಜೀಪ್ ದಾರಿಯಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದರೆ ಕೆಂಪು ಮಣ್ಣು ಸ್ಕ್ರೂವಿನ ಗುಂಡಿಯೊಳಗೆ ಮೆತ್ತಿಕೊಂಡು, ಬಿಸಿಲು ಬಂದಾಗ ಕಲ್ಲಾಗುತ್ತದೆ. ಆ ಮಣ್ಣಿನ ಮೇಲೆಯೇ ಕೀ ಒತ್ತಿದರೆ ಅದು ಅರ್ಧ ಆಳಕ್ಕಷ್ಟೇ ಇಳಿಯುತ್ತದೆ. ಪೂರ್ತಿ ಬಲ ಗುಂಡಿಯ ಅಂಚಿನ ಮೇಲೆ ಬಿದ್ದು ಮೂಲೆಗಳು ಮಡಚಿಕೊಳ್ಳುತ್ತವೆ. ಕೀಯದೂ ಪಾಲಿದೆ. ಇಂಚಿನ ಸೆಟ್‌ನಲ್ಲಿರುವ 5/32 ಕೀ 3.97 ಮಿ.ಮೀ. ಇರುತ್ತದೆ. ಸರಿಯಾಗಿಯೇ ಕೂತ ಹಾಗೆ ಕಂಡು, ಜೋರು ಹಾಕಿದಾಗ ಕೈಕೊಡುತ್ತದೆ. ಕೀಯ ಉರುಟು ತುದಿಯನ್ನು ಇಂಥ ಕೆಲಸಕ್ಕೆ ಬಳಸಲೇಬಾರದು.

ಈಗ ಕೆಲಸ. ದಪ್ಪ ಸೂಜಿಯಿಂದ ಅಥವಾ ಸೇಫ್ಟಿ ಪಿನ್ನಿನಿಂದ ಗುಂಡಿಯ ತಳದವರೆಗೆ ಮಣ್ಣನ್ನು ಕೆದಕಿ ತೆಗೆಯಿರಿ. ಹಳೆಯ ಟೂತ್‌ಬ್ರಷ್‌ಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಉಜ್ಜಿ, ಒರೆಸಿ, ಟಾರ್ಚ್ ಬಿಟ್ಟು ನೋಡಿ. ಮೇಲಿನ ಅಂಚು ಮಾತ್ರ ಸವೆದು, ಆಳದಲ್ಲಿ ಆರು ಮೂಲೆಗಳು ಇನ್ನೂ ಚೂಪಾಗಿರುವುದು ಅಪರೂಪವೇನಲ್ಲ. ಹಾಗಿದ್ದರೆ ಒಳ್ಳೆಯ ಹೊಸ 4 ಮಿ.ಮೀ. ಕೀಯ ನೇರ ತುದಿಯನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ತಳ ಮುಟ್ಟಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ತಿರುಗಿಸುವ ಮೊದಲು ಎಣ್ಣೆ ಬಿಡಬೇಕು, ಅದೂ ಒಳಗಿನಿಂದ. ಎಲ್ಲರೂ ಹೊರಗಿನಿಂದ ತಲೆಯ ಮೇಲೆ ಸ್ಪ್ರೇ ಹೊಡೆಯುತ್ತಾರೆ. ಅದು ಕ್ಲೀಟ್ ಮೇಲೆಲ್ಲ ಹರಿದುಹೋಗುತ್ತದೆ, ಥ್ರೆಡ್ಡಿಗೆ ಸೇರುವುದು ಕಮ್ಮಿ. ಇನ್‌ಸೋಲ್ ಎತ್ತಿ, ಸ್ಟಿಕ್ಕರ್ ಬಿಡಿಸಿ, ತಟ್ಟೆಯಲ್ಲಿ ಸ್ಕ್ರೂವಿನ ತುದಿ ಕಾಣುವ ತೂತಿಗೆ ಸಿರಿಂಜ್‌ನಿಂದ ಮೂರು ನಾಲ್ಕು ಹನಿ ಬಿಡಿ, ಸಾಕು. ತುಕ್ಕು ಬಿಡಿಸುವ ಸ್ಪ್ರೇ ಬೈಕ್ ಸ್ಪೇರ್ ಅಂಗಡಿಗಳಲ್ಲಿ ಸಿಗುತ್ತದೆ. ಮಾಮೂಲಿ ಡಬ್ಲ್ಯೂಡಿ-40 ಕೂಡ ಆದೀತು, ಸ್ವಲ್ಪ ನಿಧಾನ. ಜಾಸ್ತಿ ಸುರಿದರೆ ಅಡಿಯ ಅಂಟಿಗೆ ಎಣ್ಣೆ ಇಳಿದು ಮುಂದೆ ಪದರ ಬಿಡಬಹುದು; ಸುತ್ತ ಬಟ್ಟೆ ತುರುಕಿ. ರಾತ್ರಿ ಹಾಗೇ ಬಿಡಿ. ಹದಿನೈದು ನಿಮಿಷಕ್ಕೇ ತಾಳ್ಮೆ ಕಳೆದುಕೊಂಡವರೇ ಕೊನೆಗೆ ಡ್ರಿಲ್ ಹಿಡಿಯುವುದು.

ಬೆಳಿಗ್ಗೆ ಶೂ ಒಳಗೆ, ತಟ್ಟೆಯ ಕೆಳಗೆ ಬರುವ ಹಾಗೆ ಒಂದು ಗಟ್ಟಿ ಮರದ ತುಂಡು ಇಟ್ಟು, ಶೂ ಮಗುಚಿ, ಸ್ಕ್ರೂವಿನ ತಲೆಗೆ ಪಂಚ್ ಇಟ್ಟು ಸುತ್ತಿಗೆಯಿಂದ ನಾಲ್ಕೈದು ಏಟು ಕೊಡಿ. ಮರದ ಆಸರೆ ಇಲ್ಲದಿದ್ದರೆ ಅಡಿ ಬಳುಕಿ ಏಟನ್ನೆಲ್ಲ ನುಂಗಿಬಿಡುತ್ತದೆ. ಥ್ರೆಡ್‌ಗಳ ನಡುವಿನ ತುಕ್ಕು ಒಡೆಯುವುದು ತಿರುಗಿಸುವ ಬಲಕ್ಕಿಂತ ಈ ಏಟಿನಿಂದಲೇ ಹೆಚ್ಚು.

ಗುಂಡಿ ನಿಜಕ್ಕೂ ಉರುಟಾಗಿದ್ದರೆ ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ತನ್ನಿ. 4 ಮಿ.ಮೀ. ಗುಂಡಿಯ ಮೂಲೆಯಿಂದ ಮೂಲೆಗೆ ಅಳತೆ ಸುಮಾರು 4.6 ಮಿ.ಮೀ. ಟಿ25 ಬಿಟ್ಟಿನ ತುದಿಯಿಂದ ತುದಿಗೆ ಸುಮಾರು 4.5, ಟಿ27ರದು ಸುಮಾರು 5. ಮೂಲೆಗಳು ಇನ್ನೂ ಅಲ್ಪಸ್ವಲ್ಪ ಉಳಿದಿದ್ದರೆ ಟಿ25 ಬಡಿದು ಕೂರಿಸಿ. ಪೂರ್ತಿ ಉರುಟಾಗಿದ್ದರೆ ಟಿ25 ಸಡಿಲ. ಟಿ27 ಬಡಿದರೆ ಅದರ ಹಲ್ಲುಗಳು ಗುಂಡಿಯ ಗೋಡೆಗೆ ಹೊಸ ಗೀರು ಕೊರೆದುಕೊಂಡು ಕೂರುತ್ತವೆ. ಡಿಸ್ಕ್ ಬ್ರೇಕ್ ಸೈಕಲ್ ಇದ್ದವರ ಬಳಿ ಟಿ25 ಇದ್ದೇ ಇರುತ್ತದೆ. ಟಿ27ಗೆ ತೋಟದ ಮನೆಯಲ್ಲೇ ಹುಡುಕಿ: ಸ್ಟಿಲ್ ಚೈನ್‌ಸಾ, ಕಳೆ ಕಟಾವು ಮೆಷಿನ್‌ಗಳ ಬಹುಪಾಲು ಸ್ಕ್ರೂಗಳು ಟಿ27, ಮೆಷಿನ್ ಜೊತೆಯ ಚೀಲದಲ್ಲೇ ಅದರ ಕೀ ಬಿದ್ದಿರಬಹುದು. ಆದರೆ ಆ ಕೀಗೆ ಸುತ್ತಿಗೆ ಏಟು ಕೊಡಬೇಡಿ. ಅದನ್ನು ಅಳತೆ ನೋಡಲು ಇಟ್ಟುಕೊಂಡು, ಬಡಿಯಲು ಬೇರೆ ಬಿಟ್ ಕೊಳ್ಳಿ.

ಬಿಟ್ ನೆಟ್ಟಗೆ ನಿಂತಿರಲಿ, ಮೇಲಿನಿಂದ ಒತ್ತಿ ಹಿಡಿದು ಮೊದಲು ಕೂದಲೆಳೆಯಷ್ಟು ಬಲಕ್ಕೆ, ಆಮೇಲೆ ಎಡಕ್ಕೆ ತಿರುಗಿಸಿ. ಬಿಡುವಾಗ ‘ಟಕ್’ ಎಂದು ಸದ್ದಾಗುತ್ತದೆ. ಅದು ಸ್ಕ್ರೂ ಬಿಟ್ಟ ಸದ್ದೋ, ಬಿಟ್ ಜಾರಿದ ಸದ್ದೋ ಎಂದು ತಲೆಯ ಮೇಲೆ ಮೊದಲೇ ಎಳೆದಿಟ್ಟ ಒಂದು ಪೆನ್ನಿನ ಗೆರೆ ಹೇಳುತ್ತದೆ. ಗೆರೆ ಸರಿದಿದ್ದರೆ ಅರ್ಧ ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಎಂದು ಆಡಿಸುತ್ತ ತೆಗೆಯಿರಿ. ಥ್ರೆಡ್‌ನಿಂದ ಕಂದು ಪುಡಿ ಉದುರುತ್ತದೆ. ಮಧ್ಯದಲ್ಲಿ ಬಿಗಿಯಾದರೆ ಇನ್ನೊಂದು ಹನಿ ಎಣ್ಣೆ ಬಿಡಿ, ಜೋರು ಮಾಡಬೇಡಿ.

ರಬ್ಬರ್ ಬ್ಯಾಂಡ್ ಇಟ್ಟು ಒತ್ತುವ ಉಪಾಯ ಎಲ್ಲೆಡೆ ಓಡಾಡುತ್ತದೆ. ಮೊಬೈಲ್, ಮಿಕ್ಸಿಯ ಸಣ್ಣ ಸ್ಕ್ರೂಗಳಿಗೆ ಅದು ಸರಿ. ತುಕ್ಕು ಕಚ್ಚಿದ ಎಂ5 ಸ್ಕ್ರೂವಿನಲ್ಲಿ ರಬ್ಬರ್ ಹರಿದುಹೋಗುತ್ತದೆ, ಅಷ್ಟೆ. ಅಂಟು ಹಾಕಿ ಕೀಯನ್ನೇ ಗುಂಡಿಗೆ ಅಂಟಿಸುವುದೂ ಇಲ್ಲಿ ಅಷ್ಟಕ್ಕಷ್ಟೇ, ಎಣ್ಣೆ ಬಿಟ್ಟ ಮೇಲಂತೂ ಬೇಡ.

ನಿಮಗೆ ಇನ್ನೊಂದು ಅನುಕೂಲವಿದೆ. ಒಂದು ಸ್ಕ್ರೂ ಆಗಲೇ ಬಂದಿರುವುದರಿಂದ ಕ್ಲೀಟನ್ನೇ ಪಾನಾ ಮಾಡಿಕೊಳ್ಳಬಹುದು. ವೈಸ್ ಗ್ರಿಪ್‌ನಲ್ಲಿ (ಕಚ್ಚಿದ ಮೇಲೆ ಬಿಡದೆ ಲಾಕ್ ಆಗುವ ಇಕ್ಕಳ) ಕ್ಲೀಟನ್ನು ಬಿಗಿಯಾಗಿ ಕಚ್ಚಿಸಿ ಎಡಕ್ಕೆ ತಿರುಗಿಸಿದರೆ ಕೆಲವೊಮ್ಮೆ ಸ್ಕ್ರೂವನ್ನೂ ಎಳೆದುಕೊಂಡು ತಿರುಗುತ್ತದೆ. ಕ್ಲೀಟ್‌ನ ಕೆಳಗಿನ ಹಲ್ಲುಗಳು ಅಡಿಯ ಮೇಲೆ ಗೀರು ಬಿಡುತ್ತವೆ, ಹೊಸ ಕ್ಲೀಟ್ ಅದನ್ನು ಬಹುಮಟ್ಟಿಗೆ ಮುಚ್ಚುತ್ತದೆ. ಒಂದು ಸುತ್ತು ತಿರುಗಿಯೂ ಸ್ಕ್ರೂ ಕದಲದಿದ್ದರೆ ನಿಲ್ಲಿಸಿ, ಇಲ್ಲದಿದ್ದರೆ ಅಡಿಯನ್ನೇ ಕೊರೆದು ಗುಳಿ ಮಾಡುತ್ತೀರಿ. ಸಣ್ಣ ಗ್ರೈಂಡರ್ ಇದ್ದವರು ತಲೆಯ ಮೇಲೆ ಅಡ್ಡ ಗೀರು ಕೊಯ್ದು ಅಗಲವಾದ ಚಪ್ಪಟೆ ಸ್ಕ್ರೂಡ್ರೈವರ್ ಹಾಕುವುದುಂಟು. ಕಿಡಿಗೆ ಕನ್ನಡಕ ಕಡ್ಡಾಯ. ಐದು ಸೆಕೆಂಡ್ ಕೊಯ್ದು, ಆರಲು ಬಿಟ್ಟು, ಮತ್ತೆ ಐದು ಸೆಕೆಂಡ್. ನೈಲಾನ್ ಅಡಿ ಬಿಸಿಗೆ ಮೆತ್ತಗಾಗುತ್ತದೆ. ಗ್ಯಾಸ್ ಟಾರ್ಚ್, ಮೇಣದಬತ್ತಿ, ಒಲೆಯ ಕೆಂಡ ಹತ್ತಿರವೂ ತರಬೇಡಿ.

ಇದ್ಯಾವುದೂ ನಡೆಯದಿದ್ದರೆ ತಲೆಯನ್ನೇ ಕೊರೆದು ತೆಗೆಯಬೇಕು. ಕೇಳಲು ಭಯವಾದರೂ ಎರಡು ಸ್ಕ್ರೂವಿನ ಶೂನಲ್ಲಿ ಇದೇ ಅತ್ಯಂತ ಖಚಿತ ದಾರಿ. ಬಂದ ಸ್ಕ್ರೂವನ್ನು ವಾಪಸ್ ಹಾಕಿ ಬಿಗಿ ಮಾಡಿ. ಕ್ಲೀಟೂ ತಟ್ಟೆಯೂ ಡ್ರಿಲ್ ಜೊತೆ ತಿರುಗದೆ ನಿಲ್ಲುತ್ತವೆ. ಶೂ ಒಳಗೆ ಮರದ ತುಂಡಿರಲಿ, ಸುತ್ತ ಬಟ್ಟೆ ತುರುಕಿರಲಿ. ಮೊದಲು 3 ಮಿ.ಮೀ. ಬಿಟ್, ಆಮೇಲೆ 4, ಕೊನೆಗೆ 5. ಗುಂಡಿ ಇರುವುದರಿಂದ ಬಿಟ್ ತಾನಾಗಿ ಮಧ್ಯಕ್ಕೆ ಬರುತ್ತದೆ. ವೇಗ ಆದಷ್ಟು ಕಮ್ಮಿ, ಒತ್ತಡ ಜಾಸ್ತಿ, ನಡುನಡುವೆ ಒಂದು ಹನಿ ಎಣ್ಣೆ. ವೇಗವಾಗಿ ತಿರುಗಿಸಿ ಮೆಲ್ಲಗೆ ಒತ್ತಿದರೆ ಬಿಟ್ ಬರೀ ಉಜ್ಜುತ್ತದೆ. ಸ್ಟೇನ್‌ಲೆಸ್ ಸ್ಕ್ರೂ ಆಗಿದ್ದರೆ ಉಜ್ಜಿದಷ್ಟೂ ಗಟ್ಟಿಯಾಗುತ್ತದೆ. ಬಿಟ್‌ಗೆ ಟೇಪ್ ಸುತ್ತಿ ತಲೆಯ ದಪ್ಪದಷ್ಟು ಆಳಕ್ಕೆ ಗುರುತು ಮಾಡಿಕೊಳ್ಳಿ. ತಲೆ ಕಳಚಿ ಬಿಟ್ ಜೊತೆ ಗಿರಗಿರ ತಿರುಗಿದ ಕ್ಷಣ ನಿಲ್ಲಿಸಿ. ಕೊರೆದ ತೂತಿಗೆ ಎಡಕ್ಕೆ ತಿರುಗಿಸಿ ಸ್ಕ್ರೂ ಕಿತ್ತುವ, ಎಡಗೈ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ ಬಳಸಬಹುದೇ ಎಂದರೆ, ಎಂ5ರಷ್ಟು ಸಣ್ಣ ಸ್ಕ್ರೂಗೆ ನಮ್ಮ ಸಲಹೆ ಬೇಡ. ಅದು ಒಳಗೆ ಮುರಿದರೆ ಮಾಮೂಲಿ ಬಿಟ್ ಅದನ್ನು ಕೊರೆಯಲಾರದು.

ಈಗ ಒಳ್ಳೆಯ ಸ್ಕ್ರೂ ತೆಗೆದರೆ ಕ್ಲೀಟ್ ಕೈಗೆ ಬರುತ್ತದೆ, ತಟ್ಟೆ ಮೋಟು ಸ್ಕ್ರೂ ಸಮೇತ ಶೂ ಒಳಗಡೆಯಿಂದ ಹೊರಬರುತ್ತದೆ. ಅದನ್ನು ವೈಸ್‌ಗೆ ಸಿಕ್ಕಿಸಿ ಮೋಟನ್ನು ವೈಸ್ ಗ್ರಿಪ್‌ನಿಂದ ತಿರುಗಿಸಿ. ತಲೆಯ ಬಿಗಿ ಹೋಗಿರುವುದರಿಂದ ಮೊದಲಿಗಿಂತ ಸಲೀಸು. ಬಾರದಿದ್ದರೆ ಮೋಟನ್ನು ಎರಡೂ ಕಡೆ ಸಮತಟ್ಟಾಗಿ ಅರದಿಂದ ಉಜ್ಜಿ, ತಟ್ಟೆಯ ಇನ್ನೊಂದು ಜೋಡಿ ತೂತು ಬಳಸಿ. ಸೀಳಿನಲ್ಲಿ ಜಾಗ ಸಾಲದಿದ್ದರೆ ಹೊಸ ತಟ್ಟೆ ಹಾಕಿ. ಶೂ ಒಳಗೆ ಬಿದ್ದ ಲೋಹದ ಚೂರುಗಳನ್ನು ಅಯಸ್ಕಾಂತ ಆಡಿಸಿ ತೆಗೆಯಿರಿ. ಕಾಲುಚೀಲಕ್ಕೆ ಹತ್ತಿದ ಒಂದು ಚೂರು ಸಾಕು, ಕುಶಾಲನಗರ ತಲುಪುವ ಹೊತ್ತಿಗೆ ಪಾದಕ್ಕೆ ಚುಚ್ಚಿರುತ್ತದೆ.

ಮೂರು ಸ್ಕ್ರೂವಿನ ರೋಡ್ ಶೂ ಇರುವವರಿಗೆ ಮಾತ್ರ ಎಚ್ಚರಿಕೆ. ಅವುಗಳಲ್ಲಿ ಕೆಲವಕ್ಕೆ ನಟ್‌ಗಳನ್ನು ಅಡಿಯೊಳಗೇ ಕೂರಿಸಿರುತ್ತಾರೆ, ಹೊರತೆಗೆಯಲು ಬರುವುದಿಲ್ಲ. ಅಂಥದರಲ್ಲಿ ತಲೆ ಹಾರಿಸಿ, ಪ್ಲಾಸ್ಟಿಕ್ ಕ್ಲೀಟ್ ಎತ್ತಿದ ಮೇಲೆ ಉಳಿದ ಮೋಟನ್ನು ವೈಸ್ ಗ್ರಿಪ್‌ನಲ್ಲಿ ಹಿಡಿದು ತಿರುಗಿಸಬೇಕು. ಸ್ಕ್ರೂ ಸುಮ್ಮನೆ ಸುತ್ತುತ್ತ ಮೇಲೆ ಬಾರದೇ ಇದ್ದರೆ ಒಳಗಿನ ನಟ್ಟೇ ತಿರುಗುತ್ತಿದೆ ಎಂದರ್ಥ. ಕ್ಲೀಟ್ ಕೆಳಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಮೇಲಕ್ಕೆ ಮೀಟುತ್ತಲೇ ತಿರುಗಿಸಿ ನೋಡಿ. ಆಗದಿದ್ದರೆ ಲೇತ್ ಅಂಗಡಿಗೆ ಕೊಡುವುದೇ ವಾಸಿ. ಅಲ್ಲಿ ಕಾರ್ಬನ್ ಅಡಿ ಇದೆ, ಬಿಸಿ ಮಾಡಬೇಡಿ ಎಂದು ಬಾಯಿಬಿಟ್ಟು ಹೇಳಿ.

ಹೊಸದಾಗಿ ಹಾಕುವಾಗ ಕ್ಲೀಟ್ ಜೊತೆ ಬಂದ ಸ್ಕ್ರೂವನ್ನೇ ಹಾಕಿ. ಹಾರ್ಡ್‌ವೇರ್ ಅಂಗಡಿಯ ಎಂ5 ಅಲೆನ್ ಬೋಲ್ಟ್‌ನ ತಲೆ 5 ಮಿ.ಮೀ. ಎತ್ತರ, ಪೆಡಲ್‌ಗೆ ತಾಗುತ್ತದೆ. ಗುಮ್ಮಟ ತಲೆಯದು ಗಿಡ್ಡವಾದರೂ ಅದಕ್ಕೆ 3 ಮಿ.ಮೀ. ಕೀ, ಮುಂದಿನ ಮಳೆಗಾಲಕ್ಕೆ ಮತ್ತೆ ಇದೇ ಪಾಡು. ಥ್ರೆಡ್‌ಗೆ ಗ್ರೀಸ್ ಧಾರಾಳವಾಗಿ ಹಚ್ಚಿ. ಬಿಗಿ 5ರಿಂದ 6 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ, ಕೀಯ 10 ಸೆಂ.ಮೀ. ದೂರದಲ್ಲಿ ಐದಾರು ಕಿಲೋ ಭಾರ ಎತ್ತುವಷ್ಟು ಬಲ. ಮೊದಲ ಸವಾರಿಯ ನಂತರ ಒಮ್ಮೆ ಬಿಗಿ ಪರೀಕ್ಷಿಸಿ, ಆಮೇಲೆ ಗುಂಡಿಗೆ ಕರಗಿಸಿದ ಮೇಣ ತುಂಬಿಬಿಡಿ. ಮಣ್ಣು ಹೊಕ್ಕುವುದಿಲ್ಲ, ಬೇಕಾದಾಗ ಸೂಜಿಯಿಂದ ಎಬ್ಬಿಸಿದರೆ ಬರುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಒಂದೊಂದೇ ಸ್ಕ್ರೂ ಬಿಚ್ಚಿ ಗ್ರೀಸ್ ಹಚ್ಚಿ ಹಾಕಿ. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಕ್ಲೀಟ್ ಕೂತ ಜಾಗ ತಪ್ಪಿ, ಮಂಡಿ ನೋವು ಶುರುವಾದೀತು.