ವಾಲಿ ಬಿದ್ದ ಮೇಲೆ

ವರ್ಷದ ತಿರುಗಾಟ ಮುಗಿಸುವ ದಿನವಾದ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ಆಟಿ ತಿಂಗಳ ಮಳೆ ಹಿಡಿದ ಮೇಲೆ ಕಾಸರಗೋಡಿನ ಕಡೆಯ ಮನೆ ಚಾವಡಿಗಳಲ್ಲಿ ತಾಳಮದ್ದಳೆಯ ಕಾಲ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಕುಳಿತಲ್ಲೇ, ಆ ಹೊತ್ತಿಗೆ ಹೊಳೆದ ಮಾತಿನಲ್ಲಿ ಪಾತ್ರವನ್ನು ಕಟ್ಟಬೇಕು. ಅಂಥದೊಂದು ರಾತ್ರಿ ಕುಂಬಳೆ ಸೀಮೆಯ ಮನೆಯೊಂದರಲ್ಲಿ ವಾಲಿ ಸುಗ್ರೀವರ ಕಾಳಗ ಕೇಳುತ್ತಿದ್ದೆ. ಅದೇ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಲ್ಲಿ ಅದೂ ಒಂದು. ವಾಲಿಯ ಎದೆಗೆ ಬಾಣ ನಾಟಿದ ಮೇಲೂ ಕೂಟ ಒಂದೂವರೆ ಗಂಟೆ ನಡೆಯಿತು. ಸಾಯುತ್ತಿರುವವನೊಬ್ಬ, ಅವನಿಗಾಗಿ ಅಳುವವಳೊಬ್ಬಳು, ಆ ಸಾವಿಗೆ ಕಾರಣನಾದವನೊಬ್ಬ. ಸಾವು, ಶೋಕ, ಪಾಪಪ್ರಜ್ಞೆಗಳ ಕುರಿತು ಮನಶ್ಶಾಸ್ತ್ರ ಕಳೆದ ಐವತ್ತು ಅರುವತ್ತು ವರ್ಷಗಳಲ್ಲಿ ಕಂಡುಕೊಂಡದ್ದನ್ನು ಈ ಮೂವರ ಪಕ್ಕದಲ್ಲಿಟ್ಟು ನೋಡಬೇಕೆಂದು ನನಗೆ ಅನ್ನಿಸಿದ್ದು ಆ ರಾತ್ರಿಯೇ.

ಮೊದಲು ಸುಗ್ರೀವ. ಅಣ್ಣನನ್ನು ಕೊಲ್ಲಿಸುವುದಕ್ಕೆಂದೇ ರಾಮನ ಸಖ್ಯ ಮಾಡಿಕೊಂಡವನು ಅವನು. ಬಯಸಿದ್ದು ಕೈಗೂಡಿ ಕಿಷ್ಕಿಂಧೆಯ ಸಿಂಹಾಸನ ತೆರವಾದ ಹೊತ್ತಿನಲ್ಲಿ ವಾಲ್ಮೀಕಿಯ ಸುಗ್ರೀವ ರಾಜ್ಯವೇ ಬೇಡ, ಬೆಂಕಿಗೆ ಬೀಳುತ್ತೇನೆ ಎನ್ನುತ್ತಾನೆ. ಅವನನ್ನು ಇರಿಯುವುದು ಒಂದು ಸಣ್ಣ ನೆನಪು: ಹೊಡೆದಾಟದಲ್ಲಿ ತಾನು ಸೋತು ಕೈಗೆ ಸಿಕ್ಕಾಗಲೂ ಅಣ್ಣ ಕೊಲ್ಲಲಿಲ್ಲ, ಇನ್ನೊಮ್ಮೆ ಹೀಗೆ ಮಾಡಬೇಡ ಎಂದು ಗದರಿಸಿ ಬಿಟ್ಟುಬಿಟ್ಟಿದ್ದ. ಅಮೆರಿಕದ ಮನಶ್ಶಾಸ್ತ್ರಜ್ಞೆ ಹೆಲೆನ್ ಬ್ಲಾಕ್ ಲೂಯಿಸ್ 1971ರಲ್ಲಿ ಪಾಪಪ್ರಜ್ಞೆಗೂ ಲಜ್ಜೆಗೂ ನಡುವೆ ಒಂದು ಗೆರೆ ಎಳೆದರು. ‘ಮಾಡಬಾರದ್ದನ್ನು ಮಾಡಿದೆ’ ಎಂಬಲ್ಲಿ ಮನಸ್ಸಿನ ಕಣ್ಣು ಕೃತ್ಯದ ಮೇಲಿರುತ್ತದೆ, ‘ನಾನೇ ಕೆಟ್ಟವನು’ ಎಂಬಲ್ಲಿ ಕರ್ತೃವಿನ ಮೇಲೆ. ಮೊದಲನೆಯದು ತಪ್ಪನ್ನು ಸರಿಪಡಿಸುವ ಕಡೆಗೂ ಎರಡನೆಯದು ಮುಖ ಮರೆಸುವ ಕಡೆಗೂ ತಳ್ಳುತ್ತದೆ ಎಂಬುದನ್ನು ಮುಂದಿನ ಸಂಶೋಧನೆಗಳು ಬಹುಮಟ್ಟಿಗೆ ಒಪ್ಪಿವೆ. ಸುಗ್ರೀವ ಒಂದೇ ಉಸಿರಿನಲ್ಲಿ ಎರಡೂ ಕಡೆ ಓಡಾಡುತ್ತಾನೆ. ಅವನಿಗೆ ರಾಮಲಕ್ಷ್ಮಣರು ಹಚ್ಚುವುದು ಕೆಲಸವನ್ನು: ಕಟ್ಟಿಗೆ, ಪಲ್ಲಕ್ಕಿ, ಅಣ್ಣನ ಉತ್ತರಕ್ರಿಯೆ. ಇದಕ್ಕಿಂತ ಒಳ್ಳೆಯ ಉಪಚಾರವನ್ನು ಇಂದಿನ ಆಪ್ತಸಲಹೆಗಾರರೂ ಸೂಚಿಸಲಾರರೇನೋ.

ಸುಗ್ರೀವ ತಪ್ಪು ಮಾಡಿದ್ದಾನೆ, ಆದ್ದರಿಂದ ಅವನ ಸಂಕಟಕ್ಕೆ ಕಾರಣ ಹುಡುಕಬೇಕಾಗಿಲ್ಲ. ವಿಚಿತ್ರವೆನಿಸುವುದು ಏನೂ ಮಾಡದವರ ಪಾಪಪ್ರಜ್ಞೆ. ಕಾಯಿಲೆ ಹೆಚ್ಚಾದರೆ ಮಂಗಳೂರಿಗೆ ಓಡುವುದು ನಮ್ಮ ಕಡೆಯ ವಾಡಿಕೆ. 2020ರ ಮಾರ್ಚ್ ಕೊನೆಯಲ್ಲಿ ಕೊರೋನಾದ ಕಾರಣಕ್ಕೆ ಕೇರಳ ಕರ್ನಾಟಕಗಳ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ಆ ದಾರಿಯೂ ಕಟ್ಟಿಹೋಯಿತು. ಆ ದಿನಗಳಲ್ಲಿ ಮನೆಯ ಹಿರಿಯರನ್ನು ಕಳೆದುಕೊಂಡ ಒಬ್ಬರು ಈಗಲೂ ಹೇಳುವುದು ಒಂದೇ ಮಾತು: ‘ಎರಡು ದಿನ ಮೊದಲೇ ಹೊರಟಿದ್ದರೆ ಆಗುತ್ತಿತ್ತು.’ ಗಡಿ ಮುಚ್ಚಿದ್ದು ಅವರಲ್ಲ, ಮುಚ್ಚುತ್ತದೆಂದು ಅವರಿಗೆ ತಿಳಿದಿರಲೂ ಇಲ್ಲ. ಆದರೆ ಫಲಿತಾಂಶ ಗೊತ್ತಾದ ಮೇಲೆ ಅದು ಮೊದಲೇ ಗೊತ್ತಾಗಬಹುದಿತ್ತೆಂದು ಮನಸ್ಸು ನಂಬಿಬಿಡುತ್ತದೆ. ಬಾರೂಕ್ ಫಿಶ್‌ಹಾಫ್ ಎಂಬವರು 1975ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ ಈ ಹಿನ್ನೋಟದ ಭ್ರಮೆಯೇ ಅರ್ಧ ಪಾಪಪ್ರಜ್ಞೆಗೆ ಮೂಲ. ಉಳಿದರ್ಧಕ್ಕೆ ಇನ್ನೊಂದು ಕಾರಣವಿರಬಹುದು. ಅಪಘಾತದಲ್ಲಿ ದೇಹದ ಸ್ವಾಧೀನ ಕಳೆದುಕೊಂಡ 29 ಜನರನ್ನು ಮಾತಾಡಿಸಿ 1977ರಲ್ಲಿ ಬುಲ್ಮನ್ ಮತ್ತು ವರ್ಟ್‌ಮನ್ ಪ್ರಕಟಿಸಿದ ಅಧ್ಯಯನದಲ್ಲಿ, ಇತರರನ್ನು ದೂರಿದವರಿಗಿಂತ ತಮ್ಮನ್ನೇ ದೂರಿಕೊಂಡವರು ಪರಿಸ್ಥಿತಿಗೆ ಚೆನ್ನಾಗಿ ಹೊಂದಿಕೊಂಡಿದ್ದರು. 29 ದೊಡ್ಡ ಸಂಖ್ಯೆಯಲ್ಲ, ಮುಂದಿನ ಅಧ್ಯಯನಗಳ ಫಲಿತಾಂಶ ಎಲ್ಲ ಕಡೆ ಇದರಂತಿಲ್ಲ. ಆದರೂ ಅದು ತೋರಿಸಿದ ದಿಕ್ಕು ಯೋಚಿಸುವಂಥದ್ದು: ತಪ್ಪು ನನ್ನದಾದರೆ ಲೋಕಕ್ಕೊಂದು ಲೆಕ್ಕಾಚಾರವಿದೆ ಎಂದಾಗುತ್ತದೆ, ಯಾರದೂ ಅಲ್ಲವಾದರೆ ನಾಳೆಯೂ ಹೀಗೆಯೇ, ಸುಮ್ಮನೆ, ಆಗಬಹುದು.

ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ ಈ ಪ್ರಶ್ನೆಯನ್ನು ಅದರ ತುದಿಯವರೆಗೂ ಎಳೆಯುತ್ತದೆ. ಜೀವಹಿಂಸೆಗೆ ಒಪ್ಪದ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ, ಅದು ಕೂಗಿಬಿಡುತ್ತದೆ. ಆ ಒಂದು ಸಂಕಲ್ಪಕ್ಕಾಗಿ ತಾಯಿ ಮಗ ಜನ್ಮಜನ್ಮಾಂತರ ತೊಳಲಬೇಕಾಗುತ್ತದೆ. ಅದು ಜೈನಧರ್ಮದ ತತ್ತ್ವ, ಅದನ್ನು ವಿಜ್ಞಾನವೆಂದು ಕರೆಯುವುದು ಸಲ್ಲ. ಆದರೆ ಪಾಪಪ್ರಜ್ಞೆ ಅಳೆಯುವುದು ಆದ ಹಾನಿಯನ್ನಲ್ಲ, ತನ್ನೊಳಗೆ ಒಂದು ಗಳಿಗೆ ಸುಳಿದು ಹೋದ ಇಚ್ಛೆಯನ್ನು ಎಂಬ ಒಳನೋಟ ಮಾತ್ರ ಮನಸ್ಸನ್ನು ಬಲ್ಲ ಕವಿಯದು. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಚಾಕರಿ ಮಾಡಿ, ಒಂದು ರಾತ್ರಿ ‘ಇದು ಮುಗಿದರೆ ಸಾಕು’ ಎಂದುಕೊಂಡವರಿಗೆ ಆ ಹುಂಜದ ಕೂಗು ಚೆನ್ನಾಗಿ ಕೇಳಿಸುತ್ತದೆ.

ಇನ್ನು ಶೋಕ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ ಎಂಬ ಐದು ಹಂತಗಳ ಮಾತು ಈಗ ವಾಟ್ಸಾಪ್ ಸಂದೇಶಗಳಲ್ಲೂ ಓಡಾಡುತ್ತಿದೆ. ಎಲಿಜಬೆತ್ ಕೂಬ್ಲರ್ ರಾಸ್ 1969ರಲ್ಲಿ ಇದನ್ನು ಮುಂದಿಟ್ಟದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಸತ್ತವರ ಮನೆಯವರಿಗೆ ಅದನ್ನು ಅನ್ವಯಿಸಿದ್ದು ಆಮೇಲೆ. 233 ಶೋಕತಪ್ತರನ್ನು ಎರಡು ವರ್ಷಗಳ ಅವಧಿಗೆ ಗಮನಿಸಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಭಾವಗಳು ಶಿಖರ ಮುಟ್ಟುವ ಸರದಿ ಹಂತಗಳನ್ನು ಹೋಲುತ್ತಿತ್ತು, ನಿಜ. ಆದರೆ ಆರಂಭದಿಂದ ಕೊನೆಯವರೆಗೂ ಎಲ್ಲಕ್ಕಿಂತ ಮೇಲಿದ್ದದ್ದು ಒಪ್ಪಿಗೆಯೇ, ನೋವಿನ ಭಾವಗಳಲ್ಲಿ ಪ್ರಬಲವಾಗಿದ್ದದ್ದು ಹಂಬಲ. ಸತ್ತದ್ದು ಗೊತ್ತು, ಆದರೂ ಬೇಕು. ಮೆಟ್ಟಿಲು ಹತ್ತಿದಂತೆ ಒಂದಾದ ಮೇಲೊಂದು ಬರುವ ಹಂತಗಳು ಕಥೆಗೆ ಒಪ್ಪುವಂಥವು, ಆ ಮಾತು ಅಷ್ಟು ಬೇಗ ಹಬ್ಬಿದ್ದೂ ಅದಕ್ಕೇ ಎಂದು ನನ್ನ ಗುಮಾನಿ. ತಮಾಷೆಯೆಂದರೆ ಒಳ್ಳೆಯ ಕಥೆಗಳು ಆ ಮೆಟ್ಟಿಲನ್ನು ಹತ್ತುವುದೇ ಇಲ್ಲ.

ರನ್ನನ ‘ಗದಾಯುದ್ಧ’ದ ದುರ್ಯೋಧನ ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದುಶ್ಶಾಸನನ ಮುಂದೆ ನಿಂತು, ತಾಯಿಯ ಮೊಲೆಹಾಲನ್ನೂ ನಾನುಂಡ ಮೇಲೆ ನೀನುಂಡೆ, ಸಾವಿಗೆ ಮಾತ್ರ ನನ್ನಿಂದ ಮುಂಚಿದೆಯಲ್ಲ ಎನ್ನುತ್ತಾನೆ. ಮಗ ಲಕ್ಷಣಕುಮಾರನ ಬಳಿ, ತಂದೆಗೆ ಮಗ ಕೊಡಬೇಕಾದ ತರ್ಪಣವನ್ನು ನಾನೇ ನಿನಗೆ ಕೊಡುವಂತಾಯಿತೇ ಎನ್ನುತ್ತಾನೆ. ಕರ್ಣನ ಬಳಿ ಬಂದಾಗ, ನೀನು ಯಾರೆಂಬುದು ತನಗೆ ಗೊತ್ತಿತ್ತೆಂಬ ಗುಟ್ಟೇ ಹೊರಬೀಳುತ್ತದೆ. ಯಾರೂ ಸತ್ತಿಲ್ಲವೆಂದು ಅವನು ಒಮ್ಮೆಯೂ ಅನ್ನುವುದಿಲ್ಲ. ಸಿಟ್ಟು ಮುಗಿದು ಖಿನ್ನತೆ ಬರುವುದೂ ಇಲ್ಲ. ಒಂದೊಂದು ಹೆಣದ ಮುಂದೆ ಒಂದೊಂದು ಸಂಬಂಧ ಎದ್ದು ನಿಲ್ಲುತ್ತದೆ, ಅದರ ಜೊತೆ ಅವನು ಮಾತಾಡುತ್ತಾನೆ. ವಾಲ್ಮೀಕಿಯ ತಾರೆ ಕೂಡ ನೆಲಕ್ಕೊರಗಿದ ಗಂಡನನ್ನು, ನನಗಿಂತ ಈ ಭೂಮಿಯೇ ನಿನಗೆ ಪ್ರಿಯಳಾದಳೇ ಎಂದು ನೇರವಾಗಿ ಕೇಳುತ್ತಾಳೆ. ಸತ್ತವರೊಡನೆ ಸಂಬಂಧ ಕಡಿದುಕೊಂಡರೇ ಶೋಕ ಮುಗಿಯುವುದೆಂಬ ಹಳೆಯ ಎಣಿಕೆಯನ್ನು ಬಿಟ್ಟು, ಸಂಬಂಧ ಬೇರೆ ರೂಪದಲ್ಲಿ ಮುಂದುವರಿಯುತ್ತದೆಂಬ ವಾದವನ್ನು ಸಂಶೋಧಕರು 1996ರ ಹೊತ್ತಿಗೆ ಗಟ್ಟಿಯಾಗಿ ಮಂಡಿಸಿದರು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿಸಿದ ಮೇಲೂ ಗತಿಸಿದ ಹಿರಿಯರಿಗೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುವ, ಮದುವೆಯಾಗದೆ ಸತ್ತ ಮಕ್ಕಳಿಗೆ ಆಟಿಯಲ್ಲಿ ಪ್ರೇತಮದುವೆ ಮಾಡಿಸುವ ತುಳುನಾಡಿನ ಮನೆಗಳಿಗೆ ಇದೇನೂ ಹೊಸ ಸುದ್ದಿಯಲ್ಲ.

ಈ ಹಂಬಲಕ್ಕೆ ಮಿದುಳಿನಲ್ಲೂ ಒಂದು ಗುರುತಿದೆ. ಸ್ತನ ಕ್ಯಾನ್ಸರಿನಿಂದ ತಾಯಿಯನ್ನೋ ಅಕ್ಕತಂಗಿಯನ್ನೋ ಕಳೆದುಕೊಂಡ ಮಹಿಳೆಯರ ಮಿದುಳನ್ನು ಮೇರಿ ಫ್ರಾನ್ಸಿಸ್ ಓಕಾನರ್ ಮತ್ತು ಸಂಗಡಿಗರು ಸ್ಕ್ಯಾನ್ ಮಾಡಿ ನೋಡಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಶೋಕ ಮಾಸದೇ ಉಳಿದವರಿಗೆ ಅಗಲಿದವರ ಚಿತ್ರ ತೋರಿಸಿದಾಗ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಭಾಗ ಚುರುಕಾಗುತ್ತಿತ್ತು. ಬೇಕಾದುದು ಸಿಗುವ ನಿರೀಕ್ಷೆಗೆ ಸಂಬಂಧಿಸಿದ ಭಾಗವದು. ‘ಇನ್ನೂ ಬರುತ್ತಾರೇನೋ’ ಎಂದು ಪಡಸಾಲೆಯಲ್ಲಿ ಕುಳಿತು ಗೇಟಿನತ್ತ ನೋಡುವವರ ಸ್ಥಿತಿಯನ್ನು ಇಷ್ಟು ಹತ್ತಿರದಿಂದ ಮುಟ್ಟಿದ ಪ್ರಯೋಗಗಳು ಕಡಿಮೆ.

ಕೊನೆಗೆ ವಾಲಿ. ಸಾಯುವವರ ಮನಸ್ಸನ್ನು ಬರೆಯುವ ಲೇಖಕರೆಲ್ಲ ಬದುಕಿರುವವರೇ, ಊಹೆಯೊಂದೇ ಅವರ ಬಂಡವಾಳ. ಆ ಊಹೆ ಎಷ್ಟು ಸರಿ ಎಂಬುದನ್ನು 2017ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಜಾಣತನದಿಂದ ಅಳೆಯಿತು. ಮರಣದಂಡನೆಗೆ ಗುರಿಯಾದ ಕೈದಿಗಳ ನಿಜವಾದ ಕೊನೆಯ ಮಾತುಗಳನ್ನು, ತಾವು ಆ ಸ್ಥಿತಿಯಲ್ಲಿದ್ದೇವೆಂದು ಕಲ್ಪಿಸಿಕೊಂಡು ಸಾಮಾನ್ಯರು ಬರೆದ ಮಾತುಗಳ ಜೊತೆ ಹೋಲಿಸಿದಾಗ, ಕೈದಿಗಳ ಮಾತಿನಲ್ಲಿ ನೋವಿನ ಪದಗಳು ಕಡಿಮೆಯಿದ್ದವು, ಪ್ರೀತಿಯ, ಸಮಾಧಾನದ ಪದಗಳು ಹೆಚ್ಚಿದ್ದವು. ಕೊನೆಯ ಮಾತು ಕೇಳುವವರಿಗಾಗಿ ಆಡಿದ್ದಲ್ಲವೇ ಎಂಬ ಅನುಮಾನ ನನಗೂ ಇದೆ. ಆದರೆ ಕಲ್ಪಿಸಿಕೊಂಡು ಬರೆದವರಿಗೂ ಕೇಳುವವರಿದ್ದರು. ನಮ್ಮ ಜಿಲ್ಲೆಯ ಕಯ್ಯೂರಿನ ರೈತ ಹೋರಾಟದ ನಾಲ್ವರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಅದನ್ನೇ ವಸ್ತುವಾಗಿಸಿ ನಿರಂಜನರು ‘ಚಿರಸ್ಮರಣೆ’ ಬರೆದರು. ಗಲ್ಲಿನ ಮುಂದೆ ಕುಗ್ಗದ ಆ ಪಾತ್ರಗಳನ್ನು ಓದುವಾಗ ಇದು ಲೇಖಕರು ಹಚ್ಚಿದ ಬಣ್ಣವೆಂದು ಹಿಂದೊಮ್ಮೆ ಅನ್ನಿಸಿತ್ತು, ಈ ಅಧ್ಯಯನವನ್ನು ಓದಿದ ಮೇಲೆ ಅಷ್ಟು ಖಚಿತವಾಗಿ ಹೇಳಲಾರೆ.

ಆ ರಾತ್ರಿಯ ಕೂಟದಲ್ಲಿ ವಾಲಿಯ ಅರ್ಥ ಹೇಳಿದವರು ಎಪ್ಪತ್ತು ದಾಟಿದ ಹಿರಿಯರು. ರಾಮನೊಡನೆ ವಾದ ಮಾಡುವಷ್ಟು ಹೊತ್ತು ಅವರ ದನಿ ಏರಿತ್ತು. ಬಳಿಕ ಅಂಗದನನ್ನು ಕರೆದು, ಚಿಕ್ಕಪ್ಪನ ಮಾತು ಮೀರಬೇಡ, ಅವನಿಗೆ ಸಿಟ್ಟು ಬಂದ ಹೊತ್ತಿನಲ್ಲಿ ಎದುರು ನಿಲ್ಲಬೇಡ ಎಂದರು. ಕೊರಳ ಮಾಲೆಯನ್ನು ಸುಗ್ರೀವನಿಗೆ ಕೊಟ್ಟಂತೆ ಕೈ ಚಾಚಿದರು. ತನ್ನ ಸಾವಿನ ಬಗ್ಗೆ ಒಂದು ಮಾತಿಲ್ಲ. ಭಾಗವತರು ಮುಂದಿನ ಪದ್ಯ ಎತ್ತುವ ಮೊದಲು ಅರೆಗಳಿಗೆ ಕಾದರು, ಹಂಚಿನ ಮೇಲೆ ಬೀಳುತ್ತಿದ್ದ ಮಳೆ ಅಷ್ಟು ಹೊತ್ತಿಗೆ ಎಲ್ಲರಿಗೂ ಕೇಳಿಸಿತು.