ಪಾದದ ಜೋಮು: ವಯಸ್ಸಿನದೋ, ಔಷಧಿಯದೋ?

ಪಾದ ಜೋಮು ಹಿಡಿಯುತ್ತೆ, ಅಂಗಾಲು ಉರಿಯುತ್ತೆ ಎಂದು ಅರವತ್ತು ದಾಟಿದವರು ಹೇಳಿದರೆ ‘ವಯಸ್ಸಾಯ್ತಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ಅದು ಪೂರ್ತಿ ಸುಳ್ಳೂ ಅಲ್ಲ.

ಕತ್ತರಿಸಿದ ನರದ ತುದಿಭಾಗ ಸಾಯುತ್ತದೆ, ಅಂದರೆ ತುದಿ ಬದುಕುವುದು ಮೂಲದ ಆಸರೆಯಲ್ಲಿ ಎಂದು ಇಂಗ್ಲಿಷ್ ವಿಜ್ಞಾನಿ ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಗಳಲ್ಲಿ ತೋರಿಸಿದರು. ವಯಸ್ಸಿನ ಸವಕಳಿ ಇಷ್ಟು ಹಠಾತ್ತಲ್ಲ. 1960ರ ದಶಕದ ಹೊತ್ತಿಗೆ, ವಯಸ್ಸಾದವರ ಕಾಲಿನ ನರಗಳಲ್ಲಿ ತಂತುಗಳನ್ನು ಸುತ್ತಿರುವ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಅಲ್ಲಲ್ಲಿ ಕಳಚಿ ಮತ್ತೆ ಬೆಳೆದಿರುವುದು ಕಂಡಿತು. ದಪ್ಪ ತಂತುಗಳೂ ಕಡಿಮೆಯಾಗುತ್ತವೆ. ಆದರೆ ಇದೆಲ್ಲ ವರ್ಷಗಟ್ಟಲೆ ನಡೆಯುವ ಕೆಲಸ. ಕೆಲವೇ ವಾರಗಳಲ್ಲಿ ಎದ್ದ ಉರಿಗೆ ವಯಸ್ಸನ್ನು ದೂರುವುದು ಕಷ್ಟ, ಅಲ್ವಾ?

ಔಷಧಿಯ ಕತೆ ಬೇರೆ. ಕ್ಷಯಕ್ಕೆ ಐಸೊನಿಯಾಜಿಡ್ ಬಂದಿದ್ದು 1952ರಲ್ಲಿ. ಕೆಲವರ ಕೈಕಾಲು ಮರಗಟ್ಟಿತು. ಈ ಮಾತ್ರೆ ಬಿ6 ವಿಟಮಿನ್‌ಗೆ ಅಡ್ಡಬರುತ್ತದೆ ಎಂದು ಬೇಗ ತಿಳಿಯಿತು, ಜೊತೆಗೆ ಬಿ6 ಕೊಡುವುದು ರೂಢಿಯಾಯಿತು. (ಅದೇ ಬಿ6 ತೀರಾ ಜಾಸ್ತಿಯಾದರೂ ನರ ಹಾಳಾಗುತ್ತದೆ ಎಂಬ ವರದಿ ಬಂದಿದ್ದು 1983ರಲ್ಲಿ!)

ಕ್ಯಾನ್ಸರ್ ಔಷಧಿಗಳಲ್ಲಿ ಇಷ್ಟು ಸುಲಭದ ದಾರಿ ಸಿಗಲಿಲ್ಲ. 1960ರ ದಶಕದಲ್ಲಿ ವಿನ್‌ಕ್ರಿಸ್ಟಿನ್, 1978ರಲ್ಲಿ ಸಿಸ್‌ಪ್ಲಾಟಿನ್, 1992ರಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಬಂದವು. ಪಾದದ ಸ್ಪರ್ಶ ತಿಳಿಸುವ ನರಕೋಶ ಇರುವುದು ಬೆನ್ನುಹುರಿಯ ಪಕ್ಕ. ಅದರ ತಂತು ಕಾಲ್ಬೆರಳವರೆಗೆ, ಸುಮಾರು 1 ಮೀಟರ್. ತುದಿಗೆ ಬೇಕಾದ ಸಾಮಾನು ಮೈಕ್ರೊಟ್ಯೂಬ್ಯೂಲ್ ಎಂಬ ಹಳಿಗಳ ಮೇಲೆ ಸಾಗಬೇಕು. ವಿನ್‌ಕ್ರಿಸ್ಟಿನ್ ಹಳಿ ಕಟ್ಟಲು ಬಿಡುವುದಿಲ್ಲ, ಪ್ಯಾಕ್ಲಿಟ್ಯಾಕ್ಸೆಲ್ ಬಿಚ್ಚಲು ಬಿಡುವುದಿಲ್ಲ. ಎರಡರಲ್ಲೂ ಸಾಗಾಟ ಕೆಡುತ್ತದೆ, ಎಲ್ಲಕ್ಕಿಂತ ಉದ್ದದ ತಂತು ಮೊದಲು ಸೊರಗುತ್ತದೆ. ಅದಕ್ಕೇ ಜೋಮು ಶುರುವಾಗುವುದು ಹೆಚ್ಚಾಗಿ ಕಾಲ್ಬೆರಳಲ್ಲಿ. ಸಿಸ್‌ಪ್ಲಾಟಿನ್ ನೇರವಾಗಿ ಆ ನರಕೋಶಕ್ಕೇ ಏಟು ಕೊಡುತ್ತದೆ. ಔಷಧಿ ನಿಲ್ಲಿಸಿ ಕೆಲ ತಿಂಗಳಾದರೂ ಜೋಮು ಹೆಚ್ಚುತ್ತಾ ಹೋಗಬಹುದು. ಅಷ್ಟರಲ್ಲಿ ಔಷಧಿಯ ನೆನಪೇ ಮಾಸಿರುತ್ತದೆ.

ಇನ್ನೊಂದು ತೊಡಕು ಪರೀಕ್ಷೆಯದು. ನರದ ವೇಗ ಅಳೆಯುವ ಮಾಮೂಲಿ ಪರೀಕ್ಷೆ ದಪ್ಪ ತಂತುಗಳನ್ನಷ್ಟೇ ನೋಡುತ್ತದೆ. ಉರಿ, ನೋವು ಸಾಗಿಸುವ ಸಣ್ಣ ತಂತುಗಳು ಕೆಟ್ಟಿದ್ದರೂ ವರದಿ ‘ನಾರ್ಮಲ್’. 1990ರ ದಶಕದಲ್ಲಿ ಬೇರೆ ಉಪಾಯ ಬಂತು: ಪಾದದ ಗಂಟಿಗಿಂತ ಸ್ವಲ್ಪ ಮೇಲೆ 3 ಮಿಲಿಮೀಟರ್ ಅಗಲದ ಚರ್ಮ ತೆಗೆದು, ಬಣ್ಣ ಹಾಕಿ ತಂತು ಎಣಿಸುವುದು. ಅಷ್ಟು ವರ್ಷ ‘ಸುಮ್ನೆ ಅನ್ನಿಸುತ್ತೆ’ ಎಂದು ಕಳಿಸಿದ ಎಷ್ಟೋ ದೂರುಗಳಿಗೆ ಆಗ ಪುರಾವೆ ಸಿಕ್ಕಿತು. ಆದರೆ ಈ ಎಣಿಕೆ ವಯಸ್ಸಿನಿಂದಲೂ ಇಳಿಯುತ್ತದೆ, ಕಾರಣವನ್ನಂತೂ ಹೇಳುವುದಿಲ್ಲ. ಚಿಕಿತ್ಸೆಗೆ ಮೊದಲೇ ನರ ಹೇಗಿತ್ತು ಎಂದು ಬರೆದಿಟ್ಟಿದ್ದರೆ ಮಾತ್ರ ಹೋಲಿಸಬಹುದು.

2013ರ ಒಂದು ಪ್ರಯೋಗದಲ್ಲಿ ಡ್ಯುಲೊಕ್ಸೆಟಿನ್ ಎಂಬ ಮಾತ್ರೆ ಕೀಮೋ ನಂತರದ ನೋವನ್ನು ಸ್ವಲ್ಪ ತಗ್ಗಿಸಿತು. ತಂತು ಬೆಳೆಸುವ ಮದ್ದು ಅದಲ್ಲ. ಕ್ಯಾನ್ಸರ್ ಔಷಧಿಯ ಡೋಸ್ ತಗ್ಗಿಸುವುದೋ, ಮುಂದೂಡುವುದೋ ವೈದ್ಯರ ಜೊತೆ ಕೂತು ತೀರ್ಮಾನಿಸಬೇಕಾದ ಮಾತು, ಅದೂ ಜೋಮು ಬೆರಳಲ್ಲೇ ಇರುವಾಗ.