ಎಡಬಾಯಿಯೋ, ಬಲಬಾಯಿಯೋ? ಕಲ್ಲಾದ ಬಸವನಹುಳುಗಳ ಟಿಪ್ಪಣಿ

ಧಾರವಾಡದಲ್ಲಿ ಭೂವಿಜ್ಞಾನ ಓದುವವರಿಗೆ ಒಂದು ತೊಡಕಿದೆ. ನಮ್ಮ ಕಾಲ ಕೆಳಗಿನ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಆಗ ಬಸವನಹುಳುಗಳೇ ಇರಲಿಲ್ಲ. ಅವುಗಳ ಚಿಪ್ಪು ಬೇಕೆಂದರೆ ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆ ಹೋಗಬೇಕು. ಅಲ್ಲಿ ದಖ್ಖನ್ ಲಾವಾ ಪದರಗಳ ನಡುವೆ ಹಳೆಯ ಕೆರೆಗಳ ಕೆಸರು ಕಲ್ಲಾಗಿ ಉಳಿದಿದೆ. ವಯಸ್ಸು ಸುಮಾರು 6.6 ಕೋಟಿ ವರ್ಷ. ಅಲ್ಲಿಗೆ ಹೋಗುವ ಮೊದಲು ಕಣ್ಣು ಪಳಗಬೇಕಲ್ವಾ? ಅದಕ್ಕೆ ಕೆಲಗೇರಿ ಕೆರೆ ದಂಡೆಯ ಖಾಲಿ ಚಿಪ್ಪುಗಳೇ ಸಾಕು.

ಮೊದಲು ನೋಡಬೇಕಾದ್ದು ಸುರುಳಿಯ ದಿಕ್ಕು. ಚೂಪು ತುದಿ ಮೇಲೆ ಇರಲಿ, ಬಾಯಿ ನಿಮ್ಮ ಕಡೆ ಇರಲಿ. ಬಾಯಿ ಬಲಕ್ಕೆ ಬಂದರೆ ಬಲಸುರುಳಿ, ಎಡಕ್ಕೆ ಬಂದರೆ ಎಡಸುರುಳಿ. ಇಲ್ಲಿ ನಮ್ಮ ಮನೆಮಾತೇ ದಾರಿ ತಪ್ಪಿಸುತ್ತದೆ. ದೇವರ ಜಗಲಿಯ ಅಪರೂಪದ ಬಲಮುರಿ ಶಂಖ ವಿಜ್ಞಾನದ ಲೆಕ್ಕದಲ್ಲಿ ಎಡಸುರುಳಿ! ಪೂಜೆಯ ರೂಢಿಯಲ್ಲಿ ಶಂಖದ ನೀಳ ಮೂತಿ ಮೇಲಿರುತ್ತದೆ. ನಾವು ಹಿಡಿಯುವುದು ಅದರ ತಲೆಕೆಳಗು. ಶಂಖ ತಿರುಗಿಸಿದರೆ ಬಾಯಿಯ ಪಕ್ಕವೂ ಬದಲಾಗುತ್ತದೆ. ಅದಕ್ಕೇ ನಾನು ಟಿಪ್ಪಣಿಯಲ್ಲಿ ಎಡಬಾಯಿ, ಬಲಬಾಯಿ ಅಂತಲೇ ಬರೆಯುತ್ತೇನೆ.

ಕೈಯಲ್ಲಿರುವುದು ಚಿಪ್ಪೋ, ಚಿಪ್ಪಿನೊಳಗೆ ತುಂಬಿ ಕಲ್ಲಾದ ಕೆಸರಿನ ಬರೀ ಅಚ್ಚೋ ಅನ್ನುವುದು ಎರಡನೇ ಪ್ರಶ್ನೆ. ನನಗೆ ಇದು ತಿಳಿದದ್ದು ಮೇಣದ ಬತ್ತಿಯಿಂದ. ಒಣಗಿದ ಚಿಪ್ಪಿಗೆ ಕರಗಿದ ಮೇಣ ಸುರಿದು, ಆರಿದ ಮೇಲೆ ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ಸಣ್ಣ ಗುಳ್ಳೆಗಳು ಏಳುತ್ತಾ ಏಳುತ್ತಾ ಸುಣ್ಣದ ಚಿಪ್ಪು ಕರಗಿಹೋಯಿತು. ಉಳಿದ ಮೇಣದ ಮೇಲೆ ಹೊರಗಿನ ಗೆರೆಗಳಿಲ್ಲ. ಸುತ್ತುಗಳ ನಡುವಿನ ಸಂದು ಬಹಳ ಆಳ ಕಾಣುತ್ತದೆ, ಏಕೆಂದರೆ ಅಲ್ಲಿದ್ದ ಗೋಡೆಯೇ ಹೋಗಿದೆ. ಸುತ್ತುಗಳು ಬಳಸಿ ಏರುವ ನಡುಗಂಬವೂ ಕರಗಿದ್ದರಿಂದ ತಳದ ಹೊಕ್ಕಳು, ಅಂದರೆ ಅಲ್ಲಿನ ಕುಳಿ, ದೊಡ್ಡದಾಗಿದೆ. ಕಲ್ಲಿನಲ್ಲೂ ಹೀಗೇ ಆಗುತ್ತದೆ. ಅಚ್ಚನ್ನು ಚಿಪ್ಪೆಂದು ತಿಳಿದು ಅಳತೆ ತೆಗೆದರೆ ಇಲ್ಲದ ಹೊಸ ಜಾತಿ ಹುಟ್ಟಿಬಿಡುತ್ತದೆ.

ಇವೆರಡು ಖಚಿತವಾದರೆ ಉಳಿದದ್ದು ಬೇಗ ಸಾಗುತ್ತದೆ. ಸುತ್ತುಗಳು ಉಬ್ಬಿ, ಬಾಯಿ ಬಲಕ್ಕೆ ದುಂಡಗಿದ್ದರೆ ವಿವಿಪಾರಸ್ ಬಳಗವನ್ನು ನೆನೆಯಿರಿ. ತೆಳು ಚಿಪ್ಪು, ಚೂಪು ತುದಿ, ದೊಡ್ಡ ಕೊನೆಸುತ್ತು, ಬಲಬಾಯಿ ಇದ್ದರೆ ಲಿಮ್ನಿಯಾ. ನೀಳ ಗೋಪುರದ ಮೇಲೆ ಏಣು, ಗಂಟುಗಳಿದ್ದರೆ ಥಿಯಾರಾ ಬಳಗ. ಚಕ್ಕಲಿಯಂತೆ ಚಪ್ಪಟೆ ಸುತ್ತಿದ್ದರೆ ಪ್ಲಾನಾರ್ಬಿಸ್ ಬಳಗ. ಅದರಲ್ಲಿ ಗೋಪುರವೇ ಏಳದ ಕಾರಣ ಎಡ-ಬಲದ ನಿಯಮ ಸುಲಭಕ್ಕೆ ಒಗ್ಗದು. ಬಾಯಿಯ ಮುಚ್ಚಳ ಸಿಕ್ಕರೆ ಅದನ್ನೂ ಎತ್ತಿಡಿ. ಗದ್ದೆಯ ಪೈಲಾ ಹುಳುವಿನದು ಸುಣ್ಣದ ಮುಚ್ಚಳ, ಉಳಿಯುತ್ತದೆ. ವಿವಿಪಾರಸ್‌ನದು ಕೊಂಬಿನಂಥ ತೆಳು ಹೊದಿಕೆ, ಸಾಮಾನ್ಯವಾಗಿ ಕೊಳೆತುಹೋಗುತ್ತದೆ.

ಒಂದೇ ಚಿಪ್ಪು ನೋಡಿ ತೀರ್ಮಾನ ಬೇಡ. ಮರಿಗೆ ಸುತ್ತುಗಳು ಕಡಿಮೆ. ಕಲ್ಲಿನ ಭಾರಕ್ಕೆ ಜಜ್ಜಿದ ಚಿಪ್ಪು ಅಗಲ ಕಾಣುತ್ತದೆ. ಒಂದೇ ಪದರದ್ದು ಆದಷ್ಟು ಜಾಸ್ತಿ ಸೇರಿಸಿ, ಎತ್ತರ-ಅಗಲ ಅಳೆದು ಪಕ್ಕಪಕ್ಕ ಬರೆಯಿರಿ.

ಲಾವಾ ನಡುವಿನ ಪದರಗಳ ಹೆಸರಾಂತ ಎಡಬಾಯಿ ಹುಳು ಫೈಸಾ ಪ್ರಿನ್ಸೆಪಿ. ಹೆಸರಿಟ್ಟದ್ದು 1840ರಲ್ಲಿ. ಎಡಬಾಯಿ ಬುಲಿನಸ್ ಎಂಬ ಇನ್ನೊಂದು ಹುಳು ಬಳಗದಲ್ಲೂ ಇದೆ, ಮೆತ್ತನೆ ದೇಹವಂತೂ ಉಳಿದಿಲ್ಲ. ಹಾಗಾಗಿ ಫೈಸಾ ಪ್ರಿನ್ಸೆಪಿಯ ಕುಲದ ಹೆಸರು, ಅಂದರೆ ಮೊದಲ ಪದ, ಒಂದಕ್ಕಿಂತ ಹೆಚ್ಚು ಸಲ ಬದಲಾಗಿದೆ. ನಿಮ್ಮ ಚೀಟಿಯಲ್ಲೂ ಕಂಡ ಲಕ್ಷಣಗಳನ್ನು ಪೆನ್ನಿನಲ್ಲಿ ಬರೆಯಿರಿ, ಕುಲದ ಹೆಸರನ್ನು ಪೆನ್ಸಿಲ್‌ನಲ್ಲಿ.